9 ಕಿಲೋ ಮಾಲ್ಟ್ ಹಾಕಿದರೂ ಗ್ರ್ಯಾವಿಟಿ ಏರಲಿಲ್ಲ, ಸಿಹಿ ಎಲ್ಲಿ ಹೋಯ್ತು?

ಕಾಳಿ ದಂಡೆ:
ಮನೆ ಸದಾಶಿವಗಡ, ಕೆಲಸ ಗಡಿಯಾಚೆ ಗೋವಾದ ಒಂದು ಚಿಕ್ಕ ಬ್ರೂಪಬ್‌ನಲ್ಲಿ (ಬಿಯರನ್ನು ಅಲ್ಲೇ ತಯಾರಿಸುವ ಪಬ್). ಟ್ರಯಲ್‌ಗೆಂದು 50 ಲೀಟರಿನ ಪಾತ್ರೆಯೊಂದನ್ನು ನನ್ನ ಕೈಗೆ ಕೊಟ್ಟಿದ್ದಾರೆ. 5 ಪರ್ಸೆಂಟಿನ ಬಿಯರ್‌ನಲ್ಲಿ ಲೆಕ್ಕ ತಪ್ಪಿದ್ದಿಲ್ಲ. ಈ ಸಲ 10 ಪರ್ಸೆಂಟಿನ ಬಾರ್ಲಿವೈನ್ (ಹೆಸರು ವೈನ್, ಆದರೆ ಸ್ಟ್ರಾಂಗ್ ಬಿಯರೇ). 20 ಲೀಟರಿಗೆ ಗ್ರ್ಯಾವಿಟಿ (ರಸ ನೀರಿಗಿಂತ ಎಷ್ಟು ಗಟ್ಟಿ, ಅಂದರೆ ಎಷ್ಟು ಸಿಹಿ ಎಂಬ ಅಳತೆ) 1.100 ಬರಬೇಕೆಂದು 9 ಕಿಲೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 24 ಲೀಟರ್ ನೀರು, 66 ಡಿಗ್ರಿಯಲ್ಲಿ ಒಂದು ತಾಸು ಮ್ಯಾಶ್, ಅಂದರೆ ಬಿಸಿನೀರಲ್ಲಿ ನೆನೆಸಿ ಸಿಹಿ ಬಿಡಿಸುವುದು. ರಸ ಇಳಿಸಿಕೊಂಡು, ಮೇಲಿಂದ 9 ಲೀಟರ್ ಬಿಸಿನೀರು ಸುರಿದು, ಕುದಿಸಿ ಅಳೆದರೆ 1.082. ಎಂದಿನ 76 ಪರ್ಸೆಂಟ್ ಎಫಿಶಿಯನ್ಸಿ (ಮಾಲ್ಟಿನ ಸಿಹಿಯಲ್ಲಿ ರಸಕ್ಕೆ ಇಳಿದ ಪಾಲು) 61ಕ್ಕೆ ಬಿತ್ತು.

ರಸ ಇಳಿದ ಮೇಲೆ ಉಳಿಯುವ ಮಾಲ್ಟಿನ ಚರಟವನ್ನು ಬಕೆಟ್ಟಿನಲ್ಲಿ ತುಂಬಿ ಪಕ್ಕದ ಮನೆ ಎಮ್ಮೆಗೆ ತರುತ್ತೇನೆ (ಗಡಿಯ ಮಾಜಾಳಿ ನಾಕಾದಲ್ಲಿ ಮುಚ್ಚಳ ತೆಗೆಸಿ ಮೂಸಿ ನೋಡಿದ್ದು ಬೇರೆ ಕಥೆ). ಸುರಿಯುವಾಗ ಲಿಂಬೆಗಾತ್ರದ ಗಂಟುಗಳು ಸಿಕ್ಕವು. ಒಡೆದರೆ ಒಳಗೆ ಒಣ ಹಿಟ್ಟು! ಒಂದು ಚಿಟಿಕೆ ಚರಟ ಬಾಯಿಗೆ ಹಾಕಿದೆ, ಪಾಯಸದಂತೆ ಸಿಹಿ. ಎಮ್ಮೆಯಂತೂ ಬಕೆಟ್ಟಿನ ತಳವನ್ನೂ ನೆಕ್ಕಿತು.

ಮಾಲ್ಟನ್ನು ಎರಡು ಪಾಲು ಮಾಡಿ, ಮೊದಲ ಪಾಲಿನ ರಸದಲ್ಲೇ ಎರಡನೆಯದನ್ನು ಮ್ಯಾಶ್ ಮಾಡುವ ಕ್ರಮ ಇದೆಯಲ್ಲ, ಅದನ್ನು ಮಾಡಲೇ?

ಕುಮಟೆಯವ, ಈಗ ಐರ್ಲೆಂಡ್:
ಬೇಡ ಮಾರಾಯ. ಅದು ಪಾತ್ರೆ ಸಾಲದವರಿಗೆ. ನಿಮ್ಮದು 24 ಲೀಟರ್ ನೀರು, ಕಾಳಿನ ಗಾತ್ರ ಇನ್ನೊಂದು 6, ಒಟ್ಟು 30. ಜಾಗ ಬೇಕಾದಷ್ಟಿದೆ. ಸಾಲದ್ದಕ್ಕೆ ಎರಡನೇ ಪಾಲಿನ ಚರಟ ಹಿಡಿದಿಟ್ಟುಕೊಳ್ಳುವುದು ಇನ್ನೂ ಗಟ್ಟಿ ರಸವನ್ನು, ನಷ್ಟ ಅಲ್ಲೇ.

ಒಂದು ಕಿಲೋ ಕಾಳು ಸುಮಾರು ಒಂದು ಲೀಟರ್ ಕುಡಿದು ಕೂರುತ್ತದೆ. 9 ಕಿಲೋಗೆ 9 ಲೀಟರ್, ಅದೂ ಬರೀ ನೀರಲ್ಲ, ಗಟ್ಟಿ ರಸ. ಅಮ್ಮ ಸೋಲ್‌ಕಡಿಗೆ ಕಾಯಿಹಾಲು ಹಿಂಡುವುದನ್ನು ನೋಡಿದ್ದೀರಲ್ಲ? ಎರಡನೇ ಸಲ ನೀರು ಹಾಕಿದ ಮೇಲೆ ಕಿವುಚದೆ ಹಿಂಡುತ್ತಾರೆಯೇ? ನೀವು ಮೇಲಿಂದ ಸುರಿದ ನೀರು ಅಂಚಿನಲ್ಲಿ ದಾರಿ ಮಾಡಿಕೊಂಡು ಇಳಿದಿರಬೇಕು. 9 ಲೀಟರನ್ನು 15ಕ್ಕೆ ಏರಿಸಿ, ಎರಡು ಸಲವಾಗಿ ಹಾಕಿ, ಪ್ರತಿ ಸಲವೂ ಬುಡದಿಂದ ಕಲಕಿ, ಹತ್ತು ನಿಮಿಷ ಬಿಟ್ಟು ಇಳಿಸಿ. ನೀರು 76 ಡಿಗ್ರಿ ದಾಟದಿರಲಿ. ಹೆಚ್ಚಿಗೆ ಬಂದದ್ದನ್ನು ಕುದಿಸಿಯೇ ಇಳಿಸಬೇಕು, ಗ್ಯಾಸ್ ಖರ್ಚು ಇದ್ದದ್ದೇ.

ಗಂಟಿಗೆ ಮದ್ದು: ಮಾಲ್ಟಿನ ನುಚ್ಚನ್ನು ಒಮ್ಮೆಲೇ ಸುರುವಬೇಡಿ. ಒಬ್ಬರು ಉದುರಿಸಲಿ, ಇನ್ನೊಬ್ಬರು ತಿರುವಲಿ. ಒಂದು ತಾಸಿನ ಬದಲು ಒಂದೂವರೆ ತಾಸು ಬಿಡಿ. ಇಷ್ಟಾದರೂ 76 ಪರ್ಸೆಂಟ್ ಎಫಿಶಿಯನ್ಸಿ ಬರುವುದಿಲ್ಲ. ನಾನು ಸ್ಟ್ರಾಂಗ್ ಬಿಯರಿಗೆ 65ರ ಲೆಕ್ಕವೇ ಹಿಡಿಯುವುದು.

ಆಲೆಮನೆ ಭಾವ, ಶಿರಸಿ:
ಬಿಯರ್ ಕುಡಿಯುವವನಲ್ಲ, ಆದರೆ ಸಿಹಿಯ ಲೆಕ್ಕ ಗೊತ್ತು. ನಿಮ್ಮ 1.082 ಅಂದರೆ 20 ಬ್ರಿಕ್ಸ್ (ತೂಕದಲ್ಲಿ ನೂರಕ್ಕೆ ಎಷ್ಟು ಸಕ್ಕರೆ ಎಂಬ ಲೆಕ್ಕ) ಹತ್ತಿರ. ನಮ್ಮ ಒಳ್ಳೆಯ ಕಬ್ಬಿನ ಹಾಲೂ ಅಷ್ಟೇ! ಒಂದೂವರೆ ಕಿಲೋ ಜೋನಿಬೆಲ್ಲ ಹಾಕಿದರೆ 1.100 ಮುಟ್ಟುತ್ತದೆ. ಒಲೆ ಆರಿಸಿ ಕಲಕಿ, ಇಲ್ಲದಿದ್ದರೆ ಅಡಿ ಹಿಡಿದು ಕಮಟು ವಾಸನೆ ಬರುತ್ತದೆ.

ಕುಮಟೆಯವ, ಈಗ ಐರ್ಲೆಂಡ್:
ಭಾವ ಹೇಳಿದ್ದು ಸರಿ. ಬೆಲ್ಜಿಯಂನವರು ಸಕ್ಕರೆ ಹಾಕುವುದೂ ಹೀಗೆಯೇ. ಆದರೆ ಬೆಲ್ಲದ ಸಿಹಿ ಹೆಚ್ಚುಕಡಿಮೆ ಪೂರ್ತಿ ಹುಳಿದುಹೋಗುವುದರಿಂದ ಬಿಯರ್ ತೆಳ್ಳಗಾಗುತ್ತದೆ. ಬಾರ್ಲಿವೈನ್‌ಗೆ ನಾನಾದರೆ ಅರ್ಧ ಕಿಲೋ ದಾಟುವುದಿಲ್ಲ.

ಅಡಿಕೆ ಚೊಗರು:
ಇದನ್ನೆಲ್ಲ ಶಿರಸಿಯಲ್ಲಿ ಮನೆಯಲ್ಲೇ ಮಾಡಬಹುದಾ?

ಕಾಳಿ ದಂಡೆ:
ಲೈಸೆನ್ಸ್ ಇಲ್ಲದೆ ಆಗದು, ಅಬಕಾರಿ ಕೇಸು. ನಾನು ಮಾಡುವುದು ಪಬ್‌ನ ಲೈಸೆನ್ಸಿನಲ್ಲಿ.

ಮೊನ್ನೆ ಮತ್ತೆ ಮಾಡಿದೆ. ಅದೇ 9 ಕಿಲೋ. ಅಡುಗೆಯವನನ್ನು ಕರೆದು ಮರದ ಹುಟ್ಟು ಕೊಟ್ಟು ತಿರುವಿಸಿದೆ. ಎರಡು ಸಲ ತೊಳೆದು 30 ಲೀಟರ್ ಸಿಕ್ಕಿತು, ಅದು 20ಕ್ಕೆ ಇಳಿಯಲು ಎರಡೂವರೆ ತಾಸು. 1.094! ಜೋನಿಬೆಲ್ಲ ಅರ್ಧ ಕಿಲೋ ಹಾಕಿ ಉಳಿದದ್ದನ್ನು ಸರಿದೂಗಿಸಿದೆ. ಗಂಟು ಒಂದೂ ಇರಲಿಲ್ಲ. ಚರಟ ಸಪ್ಪೆ. ಎಮ್ಮೆ ಎರಡು ಬಾಯಿ ತಿಂದು ನನ್ನ ಮುಖ ನೋಡಿತು.