ಜ್ವರದ ಜೊತೆಗಿನ ‘ರ‍್ಯಾಶ್’ಗೆ ಕನ್ನಡದಲ್ಲಿ ಏನೆನ್ನಬೇಕು: ದದ್ದು, ಗಂಧೆ, ಗುಳ್ಳೆ?

ಮಾನ್ಯರೇ,

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡಿಗರ ಮಳೆಗಾಲದ ಆರೋಗ್ಯ ತಪಾಸಣೆಗಾಗಿ ಒಂದು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಮೊದಲ ವಾಕ್ಯದಲ್ಲಿಯೇ ‘ಫ್ಲೂ ತರಹದ ಜ್ವರ, ಜೊತೆಗೆ ರ‍್ಯಾಶ್’ ಎಂದಿದ್ದು, ಈ ಎರಡಕ್ಕೂ ನಾನು ಬರೆದಿಟ್ಟ ಕನ್ನಡ ನನಗೇ ಒಪ್ಪಿಗೆಯಾಗುತ್ತಿಲ್ಲ.

ಫ್ಲೂಗೆ ‘ಶೀತಜ್ವರ’ ಎನ್ನೋಣವೆಂದರೆ, ಹಿರಿಯರಿಗೆ ಅದು ನಡುಗಿಸುವ ಚಳಿಜ್ವರ, ಅಂದರೆ ಮಲೇರಿಯಾ. ಅದರ ಮೊದಲಿಗೆ ‘ವಿಷಮ’ ಸೇರಿತೋ, ಟೈಫಾಯಿಡ್. ಅಲ್ಲದೆ ‘ಶೀತ’ವೆಂದರೆ ನೆಗಡಿಯೂ ಹೌದು; ದಡಾರದಲ್ಲಿ (ಮೀಸಲ್ಸ್) ನೆಗಡಿ, ಕೆಮ್ಮು, ಕೆಂಗಣ್ಣು ಇರುತ್ತವಾದರೂ, ಡೆಂಗಿ, ಚಿಕುನ್‌ಗುನ್ಯಾಗಳು ಫ್ಲೂವನ್ನು ಹೋಲುವುದು ತಲೆನೋವು, ಮೈಕೈ ನೋವು, ಸುಸ್ತುಗಳಲ್ಲಿ. ಹೀಗಾಗಿ ಸದ್ಯಕ್ಕೆ ‘ಮೈಕೈ ನೋವಿನ ಜ್ವರ’ ಎಂದಿಟ್ಟಿದ್ದೇನೆ.

ನಿಜವಾದ ತೊಡಕಿರುವುದು ರ‍್ಯಾಶ್‌ನಲ್ಲಿ. ‘ದದ್ದು’ ಸಂಸ್ಕೃತದ ‘ದದ್ರು’ವಿನ ತದ್ಭವ, ಮೂಲದಲ್ಲಿ ಅದು ಹುಳುಕಡ್ಡಿ, ಹಿಂದಿಯ ‘ದಾದ್’ ಇಂದಿಗೂ ಅದೇ. ಕನ್ನಡದಲ್ಲಿ ಅರ್ಥ ಹಿಗ್ಗಿ, ಸೊಳ್ಳೆ ಕಚ್ಚಿ ಉಬ್ಬಿದ್ದೂ ದದ್ದೇ ಆಯಿತು. ಆದರೆ ಡೆಂಗಿಯಲ್ಲಿ ಹಲವೊಮ್ಮೆ ಚರ್ಮ ಉಬ್ಬದೆಯೇ ಕೆಂಪೇರಿ, ನಡುನಡುವೆ ಬಿಳಿಚಿದ ತುಣುಕುಗಳು ಉಳಿದಿರುತ್ತವೆ. ಅದನ್ನು ದದ್ದು ಎನ್ನಲು ನಾಲಿಗೆ ಏಳುವುದಿಲ್ಲ. ಸೀತಾಳೆ ಸಿಡುಬಿನದು ನೀರುಗುಳ್ಳೆ. ಔಷಧಿ ಒಗ್ಗದೆ ಎದ್ದು, ತುರಿಸಿ, ಕೆಲವು ಗಂಟೆಗಳಲ್ಲಿ ಇಳಿದುಹೋಗುವುದು ಗಂಧೆ. ದಡಾರದ್ದು ಕಿವಿಯ ಹಿಂದೆ, ಮುಖದ ಮೇಲೆ ಮೊದಲು ಕಾಣಿಸಿಕೊಂಡು ಕೆಳಕ್ಕೆ ಹರಡುತ್ತದೆ.

ದಡಾರ ಎಂಬುದಾದರೂ ಎಲ್ಲರಿಗೂ ತಿಳಿಯುತ್ತದೆಯೇ? 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯ ಕಡೆ ದಡಾರ ಹಬ್ಬಿದ್ದಾಗ, ನೆರೆಮನೆಯ ವಿಜಯಪುರದ ಅಜ್ಜಿ ಮೊಮ್ಮಗನನ್ನು ತೋರಿಸಿ ‘ಹುಡುಗಗ ಗೊಬ್ಬರ ಎದ್ದಾವ್ರೀ’ ಎಂದರು. ಉಡುಪಿಯ ಕಡೆಯವಳಾದ ನನ್ನ ಹೆಂಡತಿ ಬಾಲ್ಕನಿಯ ಕುಂಡಗಳತ್ತ ನೋಡಿದಳು. ಮನೆಮನೆಗೆ ಬಂದಿದ್ದ ಮರಾಠಿ ನರ್ಸ್ ಮಾತ್ರ ತಡವರಿಸದೆ ‘ಗೋವರ್’ (ಮರಾಠಿಯಲ್ಲಿ ದಡಾರ) ಎಂದು ಬರೆದುಕೊಂಡರು. ಈ ಗೊಬ್ಬರ ಆ ಗೋವರ್‌ನ ನಂಟೇ ಇರಬೇಕೆಂದು ನನ್ನ ಊಹೆ. ಎರೆಗೊಬ್ಬರಕ್ಕೂ ಇದಕ್ಕೂ ಸಂಬಂಧ ಕಾಣೆ. ಪತ್ರದಲ್ಲಿ ‘ದಡಾರ ಅಥವಾ ಗೊಬ್ಬರ’ ಎಂದು ಎರಡನ್ನೂ ಕೊಡುತ್ತೇನೆ.

ಇನ್ನು ನನ್ನ ಪ್ರಶ್ನೆ. ಉಬ್ಬಿದ್ದು, ಉಬ್ಬದ್ದು ಎರಡನ್ನೂ ಒಳಗೊಳ್ಳುವ ಒಂದೇ ಪದ ತಮ್ಮ ಕಡೆಯ ಆಡುಮಾತಿನಲ್ಲಿ ಉಂಟೇ? ಜೊತೆಗೆ, ಗಾಜಿನ ಲೋಟವನ್ನು ಒತ್ತಿ ನೋಡಿದರೂ ಮಾಸದ ಸಣ್ಣ ಕೆಂಪು ಚುಕ್ಕೆಗಳು ಚರ್ಮದಡಿಯ ರಕ್ತಸ್ರಾವದ ಗುರುತಾದ್ದರಿಂದ, ಕಂಡೊಡನೆ ವೈದ್ಯರಲ್ಲಿಗೆ ಹೋಗಬೇಕಾದ ಆ ಚುಕ್ಕೆಗಳಿಗೆ ನಾನು ‘ರಕ್ತಚುಕ್ಕೆ’ ಎಂದು ಬರೆದಿದ್ದೇನೆ. ಓದಿದೊಡನೆ ಅರ್ಥವಾಗುವುದೇ, ತಿಳಿಸಬೇಕಾಗಿ ವಿನಂತಿ.