ಸಹಾಯ ಬೇಕು: ಅಜ್ಜನ ಕಾಲದ ಮುಧೋಳ ನಾಯಿಯ ಸಂತತಿ ಹುಡುಕಾಕತ್ತೀನಿ

ಎಲ್ಲಾರಿಗೂ ನಮಸ್ಕಾರ್ರೀ. ನಾನು ಗದಗ ಜಿಲ್ಲಾ ರೋಣ ತಾಲೂಕಿನಾಂವ. ಅಜ್ಜ 2004ರ ಸುಮಾರಿಗೆ ನರಗುಂದ ಕಡೆಯ ಕುರಿಗಾರರಿಂದ ಒಂದು ಹೆಣ್ಣು ಮುಧೋಳ ಮರಿ ತಂದಿದ್ದ. ಆ ಸಂತತಿಯೊಳಗ ಈಗ ನಮ್ಮ ಮನ್ಯಾಗ ಉಳಿದದ್ದು ಒಂದ ಹೆಣ್ಣು. ಕಂದು ಮೈ, ಎದಿಮ್ಯಾಲ ಬಿಳಿ ಪಟ್ಟಿ, ಓಡಿ ಬಂದು ನಿಂತ್ರ ಪಕ್ಕೆಲುಬು ಎಣಿಸಬಹುದು.

ಇದರ ತವರಿನ ನಾಯಿಗಳು ಇನ್ನೂ ಯಾರ ಕುರಿಹಟ್ಟಿಯಾಗರ ಅದಾವೇನ್ರಿ? ಮುಂದಿನ ಸಲ ಬೆದಿಗೆ ಬರೂದ್ರೊಳಗ ಹಳೇ ಸಂತತಿಯ ಗಂಡು ಬೇಕಾಗೇತಿ, ಒಡಹುಟ್ಟಿದ್ದು ಮಾತ್ರ ಬ್ಯಾಡ. ನುಣ್ಣನೆ ಕೂದಲಿಂದು, ಪಶ್ಮಿ (ಉದ್ದ ಕೂದಲಿಂದು) ಅಲ್ಲ. ಮುಧೋಳ ಹತ್ರ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೂ ಹೋಗಾಂವ ಅದೀನಿ. ಆದ್ರ ನಮ್ಮ ಕಡೆ ನಾಯಿಯ ವಂಶಾವಳಿ ಕಾಗದದಾಗ ಇಲ್ಲ, ಹಿರಿಯರ ಬಾಯಾಗ ಐತಿ. ನಿಮ್ಮ ಮನಿ ಅಜ್ಜಾರನ್ನ ಒಂದ್ಸಲ ಕೇಳ್ರಿ. ಹಳೇ ಫೋಟೋ ಇದ್ರೂ ಹಾಕ್ರಿ.