ಸಹಾಯ ಬೇಕು: ಕ್ರೋನ್ಸ್ ಕಾಯಿಲೆ ಬಗ್ಗೆ ಗೊತ್ತಿರುವ ಡಯಟೀಶಿಯನ್

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಕ್ರೋನ್ಸ್ ಕಾಯಿಲೆ ಅಂತ ಗೊತ್ತಾಗಿ ಒಂದೂವರೆ ವರ್ಷ ಆಯ್ತು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಉರಿಯೂತ ಇದೆ, ಒಂದು ಕಡೆ ಕರುಳು ಕಿರಿದಾಗಿದೆ. ಔಷಧಿ ನಡೀತಿದೆ, ಡಾಕ್ಟರ್ ಬಗ್ಗೆ ದೂರಿಲ್ಲ. ಊಟದ ವಿಷಯ ಕೇಳಿದರೆ ಮಾತ್ರ "ಒಗ್ಗಿದ್ದು ತಿನ್ನಿ" ಅನ್ನುತ್ತಾರೆ. ಏನು ಒಗ್ಗುತ್ತೆ ಅನ್ನೋದೇ ಪ್ರಶ್ನೆ ಅಲ್ವಾ?

ಹಿಂದೆ ಒಬ್ಬರು ಡಯಟೀಶಿಯನ್ ಹತ್ತಿರ ಹೋಗಿದ್ದೆವು. ರಿಪೋರ್ಟ್ ಕೂಡ ನೋಡದೆ, ತೂಕ ಇಳಿಸುವವರಿಗೆ ಕೊಡುವಂಥ ಚಾರ್ಟ್ ಕೊಟ್ಟರು: ಹಸಿ ತರಕಾರಿ, ಸಿಪ್ಪೆ ಸಮೇತ ಹಣ್ಣು, ಇಡೀ ಕಾಳು. ಕರುಳು ಕಿರಿದಾದ ಕಡೆ ಗಟ್ಟಿ ನಾರು ಸಿಕ್ಕಿಕೊಳ್ಳಬಹುದು ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಮೂರು ದಿನ ಹೊಟ್ಟೆನೋವಿನಿಂದ ಒದ್ದಾಡಿದ. ಅವತ್ತಿನಿಂದ ಭಯಕ್ಕೆ ಒಂದೊಂದೇ ಬಿಡುತ್ತಾ ಬಂದು, ಈಗ ನಾಲ್ಕೈದು ಪದಾರ್ಥ ಬಿಟ್ಟು ಏನೂ ಮುಟ್ಟಲ್ಲ. ತೂಕ 6 ಕೆಜಿ ಇಳಿದಿದೆ. ಕಬ್ಬಿಣದ ಅಂಶ ಕಡಿಮೆ. ಬಿ12 ಕೂಡ ಕಡಿಮೆ, ಅದನ್ನು ದೇಹ ಹೀರಿಕೊಳ್ಳೋದೇ ಕರುಳಿನ ಆ ಭಾಗದಲ್ಲಂತೆ, ಹಾಗಾಗಿ ಇಂಜೆಕ್ಷನ್ ಕೊಡುತ್ತಿದ್ದಾರೆ.

ಕರುಳಿನ ಕಾಯಿಲೆಯವರನ್ನೇ ನೋಡುವ, ನಮ್ಮ ಡಾಕ್ಟರ್ ಜೊತೆ ಮಾತಾಡಲು ಒಪ್ಪುವ ಡಯಟೀಶಿಯನ್ ಯಾರಾದರೂ ಗೊತ್ತಾ? ಆನ್‌ಲೈನ್ ಆದರೂ ಪರವಾಗಿಲ್ಲ. ಕೆಲವು ವಾರ ಪೂರ್ತಿ ದ್ರವ ಆಹಾರದ ಮೇಲೆ ಇದ್ದವರು ಇದ್ದರೆ ಅನುಭವ ಹೇಳಿ.

ಮನೆಮದ್ದು ಮಾತ್ರ ದಯವಿಟ್ಟು ಬೇಡ. ಸಾಕಷ್ಟು ನೋಡಿಯಾಗಿದೆ.